ಚಿನ್ನಾಳಪಟ್ಟಿ: ಸೀರೆ ತರಲು ಹೋದವರಿಗೆ ತಿನ್ನಲು, ನೋಡಲು ಏನೇನು ಉಂಟು?

ತಮಿಳುನಾಡಿನ ದಿಂಡಿಗಲ್‌ನಿಂದ ಮದುರೈಗೆ ಹೋಗುವ ಹೆದ್ದಾರಿಯಲ್ಲಿ ಸುಮಾರು 11 ಕಿ.ಮೀ. ಹೋದರೆ ಚಿನ್ನಾಳಪಟ್ಟಿ ಸಿಗುತ್ತದೆ. ಒಂದು ಕಡೆ ಸಿರುಮಲೆ ಬೆಟ್ಟ, ಇನ್ನೊಂದು ಕಡೆ ದೂರದಲ್ಲಿ ಪಳನಿ ಬೆಟ್ಟಗಳ ಸಾಲು, ಮಧ್ಯೆ ಬಿಸಿಲು. ಸಮುದ್ರ ಇಲ್ಲ. ನಮ್ಮ ಕರಾವಳಿಯಲ್ಲಿ ಬೀಳುವ ಮಳೆಯ ಕಾಲು ಭಾಗ ಅಲ್ಲಿ ಬಿದ್ದರೆ ಹೆಚ್ಚು. ಪ್ರವಾಸದ ಪುಸ್ತಕಗಳಲ್ಲಿ ಈ ಊರಿನ ಹೆಸರು ಇರುವುದು ಅಪರೂಪ. ಕೊಡೈಕನಾಲ್‌ಗೆ, ಮದುರೈಗೆ ಹೋಗುವ ನಮ್ಮವರು ಇದರ ಪಕ್ಕದಿಂದಲೇ ಕಾರು ಓಡಿಸಿಕೊಂಡು ಹೋಗುತ್ತಾರೆ. ನಾನು ಮಂಗಳೂರಿನಲ್ಲಿ ಸಣ್ಣ ಮಟ್ಟಿಗೆ ಬಟ್ಟೆ ವ್ಯಾಪಾರ ಮಾಡುವವ. ಸೀರೆ ಖರೀದಿಗೆಂದು ವರ್ಷಕ್ಕೆ ಎರಡು ಸಲವಾದರೂ ಈ ಊರಿಗೆ ಹೋಗುತ್ತೇನೆ. ಹೋಗುವವರಿಗೆ ಉಪಯೋಗ ಆಗಲಿ ಅಂತ ಗೊತ್ತಿರುವುದನ್ನು ಇಲ್ಲಿ ಬರೆದಿದ್ದೇನೆ.

ಹೋಗುವುದು ಹೇಗೆ

ಮಂಗಳೂರಿನಿಂದ ಹೋಗುವವರು ಪಾಲಕ್ಕಾಡ್ ತನಕ ರೈಲಿನಲ್ಲಿ ಹೋಗಿ, ಅಲ್ಲಿಂದ ಪೊಳ್ಳಾಚಿ, ಪಳನಿ ಮಾರ್ಗವಾಗಿ ಹೋಗುವ ರೈಲು ಹಿಡಿದರೆ ದಿಂಡಿಗಲ್‌ನಲ್ಲಿ ಇಳಿಯಬಹುದು. ಈ ದಾರಿಯಲ್ಲಿ ರೈಲುಗಳು ಕಡಿಮೆ, ಸಮಯ ನೋಡಿಕೊಂಡೇ ಹೊರಡಬೇಕು. ರೈಲು ತಪ್ಪಿದರೆ ಕೊಯಮತ್ತೂರಿನಿಂದ ಬಸ್ ಉಂಟು, ಪಳನಿ, ಒಡ್ಡನ್‌ಛತ್ರಂ ದಾಟಿ ಬರುತ್ತದೆ. ಒಡ್ಡನ್‌ಛತ್ರಂ ಅಂದರೆ ತರಕಾರಿ ಮಾರ್ಕೆಟ್. ಕೇರಳದವರು ತಿನ್ನುವ ತರಕಾರಿಯಲ್ಲಿ ದೊಡ್ಡ ಪಾಲು ಅಲ್ಲಿಂದಲೇ ಲಾರಿ ಹತ್ತುವುದು. ಮೈಸೂರು, ಬೆಂಗಳೂರು ಕಡೆಯವರಿಗೆ ತೂತುಕುಡಿ ಎಕ್ಸ್‌ಪ್ರೆಸ್ ಸುಲಭ, ನೇರ ದಿಂಡಿಗಲ್‌ನಲ್ಲಿ ನಿಲ್ಲುತ್ತದೆ. ದಿಂಡಿಗಲ್ ಬಸ್‌ಸ್ಟ್ಯಾಂಡಿನಿಂದ ಚಿನ್ನಾಳಪಟ್ಟಿಗೆ ಟೌನ್ ಬಸ್‌ಗಳು ಸಿಗುತ್ತಾ ಇರುತ್ತವೆ.

ಉಳಿಯುವುದಕ್ಕೆ ದಿಂಡಿಗಲ್ ಪೇಟೆಯೇ ಒಳ್ಳೆಯದು. ಚಿನ್ನಾಳಪಟ್ಟಿಯಲ್ಲಿ ಇರುವುದು ಮಗ್ಗ ಮತ್ತು ಅಂಗಡಿ, ಲಾಡ್ಜ್ ಹುಡುಕಿ ಸುಸ್ತಾಗಬೇಡಿ.

ಡಿಸೆಂಬರ್‌ನಿಂದ ಫೆಬ್ರವರಿ ತನಕ ಹವೆ ಹಿತ. ಎಪ್ರಿಲ್, ಮೇ ತಿಂಗಳಲ್ಲಿ ಹೋಗಲೇಬೇಡಿ. ನಮ್ಮಲ್ಲಿ ಬಿಸಿಲು ಅಂದರೆ ಬೆವರು. ಅಲ್ಲಿಯದ್ದು ಒಣ ಬಿಸಿಲು, ಬೆವರು ಗೊತ್ತಾಗುವುದಿಲ್ಲ, ತಲೆ ತಿರುಗಿದಾಗಲೇ ಗೊತ್ತಾಗುವುದು. ಅಲ್ಲಿ ಮಳೆ ಬರುವುದು ನಮ್ಮ ಹಾಗೆ ಜೂನ್‌ನಲ್ಲಿ ಅಲ್ಲ, ಅಕ್ಟೋಬರ್, ನವೆಂಬರ್‌ನಲ್ಲಿ. ಆ ಸಮಯದಲ್ಲಿ ಬಣ್ಣ ಹಾಕಿದ ನೂಲು ಒಣಗುವುದು ತಡವಾಗುತ್ತದೆ, ಹೇಳಿದ ದಿನಕ್ಕೆ ಮಾಲು ಸಿಗುವುದಿಲ್ಲ. ದೀಪಾವಳಿ, ಪೊಂಗಲ್ ಮುಂಚಿನ ಎರಡು ವಾರ ವ್ಯಾಪಾರಿಗಳ ಜಾತ್ರೆ. ಆಗ ಹೋದರೆ ನಿಮ್ಮ ಹತ್ತಿರ ಮಾತಾಡಲಿಕ್ಕೂ ಯಾರಿಗೂ ಪುರುಸೊತ್ತು ಇರುವುದಿಲ್ಲ.

ಸೀರೆಯ ವಿಷಯ

ಊರಿಗೆ ಹೆಸರು ಬಂದದ್ದೇ ಸೀರೆಯಿಂದ. ಮುಖ್ಯವಾಗಿ ಎರಡು ಬಗೆ. ಒಂದು ಹತ್ತಿಯ ಸುಂಗುಡಿ, ಇನ್ನೊಂದು ಆರ್ಟ್ ಸಿಲ್ಕ್.

ಆರ್ಟ್ ಸಿಲ್ಕ್ ಅಂದಾಗ ನಮ್ಮ ಅಂಗಡಿಗೆ ಬರುವ ಎಷ್ಟೋ ಮಂದಿ ಏನೋ ಕಲೆಯ ರೇಷ್ಮೆ ಅಂತ ತಿಳಿಯುತ್ತಾರೆ. ಅದು ಆರ್ಟಿಫಿಶಿಯಲ್ ಸಿಲ್ಕ್, ಕೃತಕ ರೇಷ್ಮೆ. ಮದುವೆ ಮನೆಯಲ್ಲಿ ಹಂಚಲಿಕ್ಕೆ, ದಿನಬಳಕೆಗೆ ಚೆನ್ನಾಗಿಯೇ ಇರುತ್ತದೆ, ರೇಷ್ಮೆ ಅಂತ ಹಣ ಕೊಡಬಾರದು ಅಷ್ಟೇ. ಸಂಶಯ ಇದ್ದರೆ ಸೆರಗಿನ ತುದಿಯಿಂದ ಎರಡು ಎಳೆ ತೆಗೆದು ಸುಟ್ಟು ನೋಡಿ. ಕೂದಲು ಸುಟ್ಟ ವಾಸನೆ ಬಂದರೆ ರೇಷ್ಮೆ. ಕಾಗದ ಸುಟ್ಟ ಹಾಗಿದ್ದರೆ ರೇಯಾನ್. ಕರಗಿ ಗಟ್ಟಿ ಗುಂಡಿನ ಹಾಗೆ ಆದರೆ ಪಾಲಿಯೆಸ್ಟರ್.

ಸುಂಗುಡಿಯ ಕತೆ ಬೇರೆ. ಮದುರೈಗೆ ವಲಸೆ ಬಂದ ಸೌರಾಷ್ಟ್ರದ ನೇಕಾರರು ತಂದ ವಿದ್ಯೆ ಇದು. ಬಟ್ಟೆಯ ಮೇಲೆ ಗುರುತು ಹಾಕಿ, ಚೂರು ಚೂರು ಚಿಮುಟಿ ಹಿಡಿದು ನೂಲಿನಿಂದ ಗಂಟು ಕಟ್ಟುತ್ತಾರೆ. ಸಾವಿರಾರು ಗಂಟುಗಳು. ಕಟ್ಟುವವರಲ್ಲಿ ಹೆಚ್ಚಿನವರು ಮನೆಯಲ್ಲಿ ಕೂತ ಹೆಂಗಸರು. ಆಮೇಲೆ ಬಣ್ಣದ ನೀರಿಗೆ ಅದ್ದುವುದು. ಗಂಟಿನ ಒಳಗೆ ಬಣ್ಣ ಹೋಗುವುದಿಲ್ಲ, ಬಿಚ್ಚಿದಾಗ ಚುಕ್ಕಿ ಉಳಿಯುತ್ತದೆ. ಮದುರೈ ಸುಂಗುಡಿಗೆ 2005ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಚಿನ್ನಾಳಪಟ್ಟಿಯಲ್ಲಿ ಗಂಟು ಕಟ್ಟಿದ್ದೂ ಸಿಗುತ್ತದೆ, ಮೇಣದ ಅಚ್ಚು ಒತ್ತಿ ಮಾಡಿದ್ದೂ ಸಿಗುತ್ತದೆ, ಬರೀ ಸ್ಕ್ರೀನ್ ಪ್ರಿಂಟ್ ಹೊಡೆದದ್ದೂ ಸಿಗುತ್ತದೆ. ಮೂರನ್ನೂ ಸುಂಗುಡಿ ಅಂತಲೇ ಕರೆಯುತ್ತಾರೆ. ಸಮಸ್ಯೆ ಅಲ್ಲೇ ಇರುವುದು.

ನಾನು ಹೊಸದರಲ್ಲಿ ಒಬ್ಬ ದಲಾಲಿಯ ಮಾತು ನಂಬಿ ಒಂದು ಮೂಟೆ ತಂದಿದ್ದೆ, ಎಲ್ಲ ಗಂಟಿನದ್ದು ಅಂತ. ಅಂಗಡಿಯಲ್ಲಿ ನಾನೂ ಹಾಗೆಯೇ ಹೇಳಿ ಮಾರಿದೆ. ಒಬ್ಬರು ಟೀಚರ್, ತಮಿಳುನಾಡಿನಲ್ಲಿ ಓದಿದವರು, ಸೀರೆ ತಿರುಗಿಸಿ ಹಿಂಬದಿ ತೋರಿಸಿ, "ಇದು ಪ್ರಿಂಟ್ ಅಲ್ವಾ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಬಿಲ್ ಪುಸ್ತಕ ನೋಡಿ, ಫೋನ್ ನಂಬರ್ ಇದ್ದವರಿಗೆಲ್ಲ ಮಾತಾಡಿ, ವ್ಯತ್ಯಾಸದ ಹಣ ವಾಪಸ್ ಕೊಟ್ಟೆ. ಉಳಿದ ಮಾಲನ್ನು ಪ್ರಿಂಟ್ ಅಂತ ಹೇಳಿಯೇ ಮಾರಿದೆ. ಆ ಸೀಸನ್‌ನಲ್ಲಿ ಲಾಭ ಏನೂ ಉಳಿಯಲಿಲ್ಲ. ಬಿ.ಕಾಂ.ನಲ್ಲಿ ಮೂರು ವರ್ಷ ಕಲಿಯದ್ದನ್ನು ಒಂದು ಮೂಟೆ ಕಲಿಸಿತು.

ಹಾಗಾಗಿ ಈಗ ನಾನು ನೋಡುವುದು ಹೀಗೆ. ಗಂಟಿನ ಚುಕ್ಕಿ ಒಂದರ ಹಾಗೆ ಇನ್ನೊಂದು ಇರುವುದಿಲ್ಲ, ಸಣ್ಣ ಉಂಗುರದ ಹಾಗೆ, ಸ್ವಲ್ಪ ಸೊಟ್ಟ. ಬಟ್ಟೆ ಆ ಜಾಗದಲ್ಲಿ ಸುಕ್ಕಿ ಉಬ್ಬಿರುತ್ತದೆ, ಬೆರಳಿಗೆ ತಾಗುತ್ತದೆ. ಹಿಂದೆ ಮುಂದೆ ಎರಡೂ ಬದಿ ಚುಕ್ಕಿ ಒಂದೇ ರೀತಿ ಕಾಣುತ್ತದೆ. ಪ್ರಿಂಟ್‌ನಲ್ಲಿ ಎಲ್ಲ ಚುಕ್ಕಿ ಅಳತೆ ಹಿಡಿದ ಹಾಗೆ, ಹಿಂಬದಿ ಮಸುಕು. ಗಂಟು ಬಿಚ್ಚದೆಯೇ ಕೊಡುವುದೂ ಉಂಟು. ಹಾಗೆ ಸಿಕ್ಕಿದರೆ ತಕ್ಕೊಳ್ಳಿ, ಗಿರಾಕಿ ಎದುರೇ ಎಳೆದು ಬಿಚ್ಚಿ ತೋರಿಸಿದರೆ ಬೇರೆ ಮಾತೇ ಬೇಡ. ಕೈಮಗ್ಗವೋ ಪವರ್‌ಲೂಮೋ ತಿಳಿಯಲು ಸೀರೆಯ ಎರಡೂ ಅಂಚು ನೋಡಿ. ನೇಯುವಾಗ ಬಟ್ಟೆ ಅಗಲಕ್ಕೆ ಬಿಗಿಯಾಗಿ ನಿಲ್ಲಲು ಮುಳ್ಳಿನ ಕೋಲು ಕೊಡುತ್ತಾರೆ, ಅದರ ಸಣ್ಣ ತೂತುಗಳ ಗುರುತು ಕೈಮಗ್ಗದ ಅಂಚಿನಲ್ಲಿ ಇರುತ್ತದೆ. ಇದೊಂದನ್ನೇ ನಂಬಿ ಕೂರಬೇಡಿ, ಪವರ್‌ಲೂಮಿನ ಬಟ್ಟೆಯಲ್ಲೂ ಅಂಚಿಗೆ ತೂತು ಬೀಳುವುದುಂಟು. 2006ರಿಂದ ಕೇಂದ್ರ ಸರಕಾರದ ಹ್ಯಾಂಡ್‌ಲೂಮ್ ಮಾರ್ಕ್ ಇದೆ, ಆ ಲೇಬಲ್ ಕೇಳಿ. ಚಿಲ್ಲರೆಗೆ ನಾಲ್ಕೈದು ಸೀರೆ ಬೇಕಾದವರಿಗೆ ಸಹಕಾರಿ ಸಂಘದ ಮಳಿಗೆಗಳೇ ಸಾಕು. 1935ರಲ್ಲಿ ಶುರುವಾದ ಕೋ-ಆಪ್ಟೆಕ್ಸ್ ತಮಿಳುನಾಡಿನ ನೇಕಾರರ ಸಹಕಾರಿ ಸಂಸ್ಥೆ, ಅಲ್ಲಿ ಚೌಕಾಸಿ ಇಲ್ಲ, ಮೋಸದ ಭಯವೂ ಕಡಿಮೆ.

ವ್ಯಾಪಾರಕ್ಕೆ ತರುವವರಿಗೆ ಒಂದು ಮಾತು. ಮಾಲಿನ ಬೆಲೆ 50,000 ರೂ. ದಾಟಿದರೆ ಇ-ವೇ ಬಿಲ್ ಬೇಕು, ಲಾರಿ ಆಫೀಸಿನವರು ನೋಡಿಕೊಳ್ಳುತ್ತಾರೆ ಅಂತ ಬಿಟ್ಟು ಬರಬೇಡಿ. ಕಾಂಪೊಸಿಷನ್ ಸ್ಕೀಮಿನಲ್ಲಿ ಇರುವವರಿಗೆ ಇನ್‌ಪುಟ್ ಕ್ರೆಡಿಟ್ ಇಲ್ಲ. ಬಿಲ್ಲಿನಲ್ಲಿರುವ ತೆರಿಗೆಯನ್ನು ಅಸಲಿಗೆ ಸೇರಿಸಿಯೇ ಮಾರುವ ಬೆಲೆ ಹಾಕಬೇಕು. ಇದನ್ನು ಮರೆತು ಲಾಭ ಬಂತು ಅಂತ ಖುಷಿ ಪಡುವವರು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ.

ಬೀದಿಯಲ್ಲಿ ಕನ್ನಡ

ಚಿನ್ನಾಳಪಟ್ಟಿಯಲ್ಲಿ ನೋಡುವಂಥದ್ದು ಏನು ಅಂತ ಕೇಳಿದರೆ ನಾನು ಹೇಳುವುದು, ಬೆಳಿಗ್ಗೆ ನೇಕಾರರ ಬೀದಿಗಳಲ್ಲಿ ನಡೆಯಿರಿ. ಮನೆಯ ಒಳಗಿನಿಂದ ಮಗ್ಗದ ಸದ್ದು ಕೇಳುತ್ತಾ ಇರುತ್ತದೆ. ಬಾಗಿಲು ತೆರೆದೇ ಇರುತ್ತದೆ, ಕೇಳಿದರೆ ಒಳಗೆ ಕರೆದು ತೋರಿಸುತ್ತಾರೆ. ಗಡ್ಡ, ಟೋಪಿ ಕಂಡರೆ "ವಾಂಗ ಬಾಯ್" ಅಂತ ಕರೆಯುತ್ತಾರೆ. ಮುಸ್ಲಿಮರನ್ನು ತಮಿಳುನಾಡಿನಲ್ಲಿ ಕರೆಯುವುದೇ ಹಾಗೆ, ಅದರಲ್ಲಿ ಬೇರೆ ಅರ್ಥ ಹುಡುಕಬೇಡಿ.

ಇಲ್ಲಿನ ನೇಕಾರರಲ್ಲಿ ದೇವಾಂಗರು ಇದ್ದಾರೆ. ದೇವಾಂಗರಲ್ಲಿ ತೆಲುಗು ಮಾತಾಡುವವರೂ ಇದ್ದಾರೆ, ಕನ್ನಡ ಮಾತಾಡುವವರೂ ಇದ್ದಾರೆ. ವಿಜಯನಗರದ ಕಾಲದಲ್ಲಿ ಹಂಪಿ ಕಡೆಯಿಂದ ಬಂದವರು ನಾವು ಅಂತ ಅವರೇ ಹೇಳುವುದುಂಟು. ಅವರ ದೇವಿ ಚೌಡೇಶ್ವರಿ, ತಮಿಳಿನಲ್ಲಿ ಸೌಡಾಂಬಿಕೈ ಆಗಿದ್ದಾಳೆ.

ನನಗೆ ಇದು ಗೊತ್ತಾದದ್ದು ಚೌಕಾಸಿಯಲ್ಲಿ. ಒಂದು ಮನೆಯಲ್ಲಿ ಸೀರೆ ನೋಡಿ, ನನ್ನ ಹರುಕು ಮುರುಕು ತಮಿಳಿನಲ್ಲಿ ಬೆಲೆ ಇಳಿಸುತ್ತಾ ಇದ್ದೆ. ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ಹೆಂಡತಿ ಮೆಲ್ಲಗೆ ಏನೋ ಹೇಳಿದರು. ಅರ್ಧ ಕ್ಷಣ ಬೇಕಾಯಿತು ನನಗೆ, ಅದು ಕನ್ನಡ ಅಂತ ಗೊತ್ತಾಗಲು. ರಾಗ ಬೇರೆ, ಮಧ್ಯೆ ತಮಿಳು ಸೇರಿದೆ, ಆದರೆ ಲೆಕ್ಕ ಸ್ಪಷ್ಟ ಕೇಳಿತು. ಎಷ್ಟಕ್ಕೆ ಕೊಡಬಹುದು, ಎಷ್ಟಕ್ಕಿಂತ ಕಡಿಮೆ ಆದರೆ ಕೂಲಿ ಹುಟ್ಟುವುದಿಲ್ಲ, ಎರಡೂ ನನಗೆ ಗೊತ್ತಾಗಿ ಹೋಯಿತು.

ವ್ಯಾಪಾರಿಗೆ ಇದಕ್ಕಿಂತ ದೊಡ್ಡ ಲಾಟರಿ ಇಲ್ಲ. ಸುಮ್ಮನೆ ಕೂತು ಅವರ ಕೊನೆಯ ಬೆಲೆಗೇ ಕೇಳಬಹುದಿತ್ತು. ಆದರೆ ನಮ್ಮ ಅಂಗಡಿಯಲ್ಲಿ ನಾನೂ ಅಣ್ಣನೂ ಗಿರಾಕಿ ಎದುರು ಬ್ಯಾರಿ ಭಾಷೆಯಲ್ಲಿ ಮಾಡುವುದು ಇದನ್ನೇ ಅಲ್ಲವಾ? ನಗು ತಡೆಯಲಿಕ್ಕೆ ಆಗಲಿಲ್ಲ. "ಅಕ್ಕಾ, ನನಗೆ ಕನ್ನಡ ಬರ್ತದೆ" ಅಂದೆ. ಇಬ್ಬರೂ ಗಾಬರಿಯಾಗಿ, ಆಮೇಲೆ ಅವರೂ ನಕ್ಕರು. ಅಜ್ಜಿ ಒಬ್ಬರು ಒಳಗಿನಿಂದ ಎದ್ದು ಬಂದು ನನ್ನನ್ನು ನೋಡಿಕೊಂಡು ಹೋದರು. ಎರಡು ಬೆಲೆಯ ನಡುವೆ ಒಂದು ಬೆಲೆ ಹಿಡಿದೆವು. ಅಲ್ಲಿಂದ ಈಚೆಗೆ ನಾನು ಆ ಮನೆಯಿಂದಲೇ ತರುವುದು.

ಅವರಿಗೆ ಕನ್ನಡ ಓದಲು ಬರುವುದಿಲ್ಲ. ಶಾಲೆ ತಮಿಳು, ಬಿಲ್ಲು ತಮಿಳು, ಬೋರ್ಡು ತಮಿಳು. ಕನ್ನಡ ಇರುವುದು ಅಡುಗೆ ಮನೆಯಲ್ಲಿ ಮತ್ತು ಮಗ್ಗದ ಹತ್ತಿರ. ಮನೆಯಲ್ಲಿ ಒಂದು, ಪೇಟೆಯಲ್ಲಿ ಒಂದು, ಶಾಲೆಯಲ್ಲಿ ಒಂದು ಭಾಷೆ ಇಟ್ಟುಕೊಂಡು ಬೆಳೆದ ನಮಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಆ ಮನೆಯಲ್ಲಿ ಎರಡು ಮಗ್ಗ ಉಂಟು. ಈಗ ಒಂದರ ಮೇಲೆ ಗೋಣಿ ಹೊದೆಸಿದ್ದಾರೆ. ಮಗ ತಿರುಪ್ಪೂರಿನಲ್ಲಿ ಬನಿಯನ್ ಕಂಪೆನಿಗೆ ಹೋಗುತ್ತಾನೆ, ಅಲ್ಲಿ ತಿಂಗಳ ಸಂಬಳ ಇದೆ. ಕೈಮಗ್ಗಕ್ಕೆಂದೇ ಕೆಲವು ಬಟ್ಟೆಗಳನ್ನು ಮೀಸಲಿಟ್ಟ 1985ರ ಕಾಯ್ದೆ ಇದ್ದರೂ ಪವರ್‌ಲೂಮಿನ ಅಗ್ಗದ ಸೀರೆ ಪಕ್ಕದ ಅಂಗಡಿಯಲ್ಲೇ ನೇತಾಡುತ್ತದೆ. ಮಗನಿಗೆ ಕನ್ನಡ ಅರ್ಥ ಆಗುತ್ತದೆ, ಉತ್ತರ ತಮಿಳಿನಲ್ಲಿ ಕೊಡುತ್ತಾನೆ.

ತಿನ್ನುವುದು

ದಿಂಡಿಗಲ್ ಅಂದರೆ ಬಿರಿಯಾನಿ. 1957ರಲ್ಲಿ ನಾಗಸಾಮಿ ನಾಯ್ಡು ಅವರು ಆನಂದ ವಿಲಾಸ್ ಅಂತ ಹೋಟೆಲ್ ಶುರು ಮಾಡಿದರು. ಅವರು ಯಾವಾಗಲೂ ತಲೆಗೆ ರುಮಾಲು ಕಟ್ಟುತ್ತಿದ್ದರು, ತಮಿಳಿನಲ್ಲಿ ತಲಪ್ಪಾ. ಅದರಿಂದಲೇ ತಲಪ್ಪಾಕಟ್ಟಿ ಎಂಬ ಹೆಸರು. ಈಗ ಬೆಂಗಳೂರಿನಲ್ಲೂ ಬೋರ್ಡ್ ಉಂಟು.

ನಮ್ಮ ಬಿರಿಯಾನಿಯ ಲೆಕ್ಕದಲ್ಲಿ ಅಲ್ಲಿಯದ್ದನ್ನು ತಿನ್ನಲು ಕೂರಬೇಡಿ. ಅಕ್ಕಿ ಬಾಸ್ಮತಿ ಅಲ್ಲ, ಸೀರಗ ಸಾಂಬ. ಜೀರಿಗೆಯಷ್ಟು ಸಣ್ಣ ಕಾಳು, ಮಸಾಲೆಯ ರಸ ಪೂರ್ತಿ ಹೀರಿಕೊಳ್ಳುತ್ತದೆ. ಕಾಳುಮೆಣಸಿನ ಖಾರ ಮುಂದೆ, ಮೊಸರು ಲಿಂಬೆಯ ಹುಳಿ ಹಿಂದೆ. ಕೇಸರಿ, ಹುರಿದ ಗೇರುಬೀಜ, ತುಪ್ಪದ ಘಮ ಇದೆಲ್ಲ ನಿರೀಕ್ಷೆ ಮಾಡಿದರೆ ನಿರಾಸೆ. ನಮ್ಮ ಮದುವೆ ಮನೆಯ ಬಿರಿಯಾನಿಯಲ್ಲಿ ಅನ್ನ ಒಂದು ಕಡೆ, ಮಾಂಸದ ಮಸಾಲೆ ಒಂದು ಕಡೆ, ದಮ್‌ನಲ್ಲಿ ಸೇರುವುದು. ಅಲ್ಲಿ ಎಲ್ಲ ಒಟ್ಟಿಗೆ ಬೆಂದು ಒಂದೇ ಬಣ್ಣ. ಮಾಂಸ ಆಡಿನದ್ದು, ಕನ್ನಿವಾಡಿ ಕಡೆಯ ಸಣ್ಣ ಆಡಿಗೆ ಹೆಸರು. ನನಗೆ ಎರಡನೇ ಸಲ ತಿಂದಾಗಲೇ ರುಚಿ ಹತ್ತಿದ್ದು. ಮಧ್ಯಾಹ್ನ ಒಂದು ಗಂಟೆಯ ಒಳಗೆ ಹೋಗಿ, ತಡವಾದರೆ ತಳದ್ದು ಸಿಗುತ್ತದೆ.

ಹಲಾಲ್ ನೋಡುವವರು ಕೇಳಿಯೇ ಕೂರಿ, ಕೇಳಿದರೆ ಯಾರೂ ಬೇಜಾರು ಮಾಡುವುದಿಲ್ಲ. ಬೇಗಂಪುರ ಕಡೆ ಮುಸ್ಲಿಮರ ಹೋಟೆಲ್‌ಗಳು ಇವೆ. ರಾತ್ರಿಗೆ ಪರೋಟ ಮತ್ತು ಸಾಲ್ನಾ. ಪರೋಟ ಕೊಚ್ಚುವ ಸದ್ದು ಕೇಳಿದ ಕಡೆಗೆ ನಡೆದರೆ ಸಾಕು. ಬೆಳಿಗ್ಗೆ ಪಣಿಯಾರ ಸಿಗುತ್ತದೆ, ನಮ್ಮ ಗುಳಿಯಪ್ಪದ್ದೇ ಜಾತಿ. ಮೀನಿನ ವಿಷಯ ಮಾತ್ರ ಬಿಟ್ಟುಬಿಡಿ. ಮಂಗಳೂರಿನವರು ಅಲ್ಲಿ ಮೀನು ತಿಂದು ಬೈದುಕೊಂಡು ಬರುವುದು ಯಾಕೆ?

ಬಿಸಿಲಿಗೆ ಜಿಗರ್‌ಠಂಡ. ಹಾಲು, ಬಾದಾಮಿ ಗೋಂದು, ನನ್ನಾರಿ ಶರಬತ್ತು, ಮೇಲೆ ಐಸ್‌ಕ್ರೀಂ. ಇದು ಮದುರೈಯದ್ದು, ಚಿನ್ನಾಳಪಟ್ಟಿಯಿಂದ ಮದುರೈ ಸುಮಾರು 50 ಕಿ.ಮೀ. ಹೋಗಲು ಆಗದಿದ್ದರೆ ದಿಂಡಿಗಲ್‌ನಲ್ಲೂ ಸಿಗುತ್ತದೆ.

ಕೋಟೆ, ಬೀಗ, ಹೂ

ದಿಂಡಿಗಲ್ ಕೋಟೆ ನಮ್ಮವರು ನೋಡಲೇಬೇಕಾದದ್ದು. ಒಂದೇ ಬಂಡೆ, ಅದರ ಮೇಲೆ ಕೋಟೆ. ಮದುರೈ ನಾಯಕರು 1605ರಲ್ಲಿ ಕಟ್ಟಲು ಶುರು ಮಾಡಿದ್ದು. 1755ರಲ್ಲಿ ಮೈಸೂರಿನವರು ಹೈದರಾಲಿಯನ್ನು ಇಲ್ಲಿಗೆ ಫೌಜುದಾರನಾಗಿ ಕಳಿಸಿದರು. ಹೈದರ್ ತನ್ನ ಸ್ವಂತ ಸೈನ್ಯ ಬೆಳೆಸಿದ್ದು, ಫ್ರೆಂಚರ ಸಹಾಯದಿಂದ ಮದ್ದುಗುಂಡಿನ ಕೆಲಸ ಶುರು ಮಾಡಿದ್ದು ಇಲ್ಲಿ. ಶ್ರೀರಂಗಪಟ್ಟಣದ ಅಧಿಕಾರಕ್ಕೆ ಏರುವ ಮೊದಲ ಮೆಟ್ಟಿಲು ಅಂದರೆ ಇದೇ. ಬ್ರಿಟಿಷರು 1783ರಲ್ಲಿ ಇದನ್ನು ಹಿಡಿದಿದ್ದರು. 1784ರ ಮಂಗಳೂರು ಒಪ್ಪಂದದಲ್ಲಿ ಟಿಪ್ಪುವಿಗೆ ವಾಪಸ್ ಬಂತು. ನಮ್ಮ ಊರಿನಲ್ಲಿ ಹಾಕಿದ ಒಂದು ಸಹಿ ಈ ಬಂಡೆಯ ಯಜಮಾನನನ್ನು ಬದಲಿಸಿತ್ತು. 1790ರಲ್ಲಿ ಬ್ರಿಟಿಷರು ಮತ್ತೆ ಹಿಡಿದರು, 1792ರಲ್ಲಿ ಕೈ ಬಿಟ್ಟೇ ಹೋಯಿತು. ಬೆಳಿಗ್ಗೆ ಹತ್ತು ಗಂಟೆಯ ಒಳಗೆ ಹತ್ತಿ ಇಳಿಯಿರಿ. ಆಮೇಲೆ ಬಂಡೆ ಕಾವಲಿಯ ಹಾಗೆ ಕಾಯುತ್ತದೆ, ಮೇಲೆ ನೆರಳು ಕಡಿಮೆ, ನೀರು ಕೈಯಲ್ಲೇ ಇರಬೇಕು.

ಬೇಗಂಪುರದ ದೊಡ್ಡ ಮಸೀದಿಯಲ್ಲಿ ಒಂದು ಹೊತ್ತಿನ ನಮಾಝ್ ಮಾಡಿ ಬರಬಹುದು. ಹೈದರಾಲಿಯ ತಂಗಿ ಅಮೀರುನ್ನಿಸಾ ಬೇಗಂ ಅವರ ಸಮಾಧಿ ಇಲ್ಲಿರುವುದರಿಂದಲೇ ಊರಿಗೆ ಆ ಹೆಸರು ಅಂತ ಅಲ್ಲಿಯವರು ಹೇಳುತ್ತಾರೆ.

ದಿಂಡಿಗಲ್ ಬೀಗಕ್ಕೂ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಕಬ್ಬಿಣ, ಹಿತ್ತಾಳೆಯಲ್ಲಿ ಕೈಯಲ್ಲೇ ಮಾಡುವುದು. ಮಾವಿನಕಾಯಿ ಆಕಾರದ್ದು ಮನೆಗೆ ಚಂದ. ಅಲಿಗಢದ ಅಗ್ಗದ ಬೀಗ ಬಂದ ಮೇಲೆ ಅಲ್ಲಿ ಮಾಡುವವರು ಬಹಳ ಕಡಿಮೆಯಾಗಿದ್ದಾರೆ. ನಾನು ಒಂದು ತಂದು ಅಂಗಡಿ ಶಟರಿಗೆ ಹಾಕಿದ್ದೇನೆ. ಭಾರ ಉಂಟು, ಆದರೆ ಮಂಗಳೂರಿನ ಮಳೆಗೆ ಎಣ್ಣೆ ಹಾಕದೆ ಬಿಟ್ಟರೆ ತುಕ್ಕು ಹಿಡಿಯುತ್ತದೆ.

ಊರಿನ ಪಕ್ಕದಲ್ಲೇ ಗಾಂಧಿಗ್ರಾಮ. ಡಾ. ಸೌಂದರಂ ಮತ್ತು ಜಿ. ರಾಮಚಂದ್ರನ್ 1947ರಲ್ಲಿ ಶುರು ಮಾಡಿದ್ದು. ಗ್ರಾಮೀಣ ವಿದ್ಯಾಸಂಸ್ಥೆ 1956ರದ್ದು, 1976ರಿಂದ ಡೀಮ್ಡ್ ವಿಶ್ವವಿದ್ಯಾಲಯ. ಮರಗಳ ನೆರಳು ಇದೆ, ಖಾದಿ ಸಿಗುತ್ತದೆ. ಮಕ್ಕಳು ಜೊತೆಗಿದ್ದರೆ ಆತ್ತೂರು ಕಡೆಯ ಕಾಮರಾಜರ್ ಅಣೆಕಟ್ಟಿಗೆ ಸಂಜೆ ಹೋಗಿ, ಹಿಂದೆ ಬೆಟ್ಟ, ಮುಂದೆ ನೀರು. ಹೂವಿನ ಆಸೆ ಇರುವವರು ಬೆಳಿಗ್ಗೆಯೇ ನಿಲಕ್ಕೋಟ್ಟೈ ಮಾರ್ಕೆಟಿಗೆ ಹೋಗಬೇಕು. ನಮ್ಮ ಶಂಕರಪುರ ಮಲ್ಲಿಗೆಯನ್ನು ಅಟ್ಟೆ ಲೆಕ್ಕದಲ್ಲಿ ಕೊಳ್ಳುತ್ತೇವೆ, ಅಲ್ಲಿ ಗೋಣಿಯಲ್ಲಿ ತುಂಬಿಸಿ ತೂಕಕ್ಕೆ ಹಾಕುವುದು.

ಎರಡು ದಿನ ಹೆಚ್ಚು ಇದ್ದರೆ

ಬತ್ತಲಗುಂಡು, ಪೆರಿಯಕುಳಂ ದಾರಿಯಲ್ಲಿ ಥೇಣಿಗೆ, ಅಲ್ಲಿಂದ ಕಂಬಂ ಕಣಿವೆಗೆ ಹೋಗಬಹುದು. ದಾರಿ ಉದ್ದಕ್ಕೂ ಪಶ್ಚಿಮ ಘಟ್ಟ ಬಲಬದಿಗೆ ಬರುತ್ತದೆ. ನಮಗೆ ಪೂರ್ವಕ್ಕೆ ಕಾಣುವ ಘಟ್ಟ ಅಲ್ಲಿ ಪಶ್ಚಿಮಕ್ಕೆ. ಕಂಬಂನ ಪನ್ನೀರ್ ದ್ರಾಕ್ಷಿಗೆ 2023ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಕಪ್ಪು, ಬೀಜ ಇರುವಂಥದ್ದು, ಸುಗಂಧ ಚೆನ್ನಾಗಿರುತ್ತದೆ. ಇಷ್ಟು ಬಿಸಿಲಿನಲ್ಲಿ ಕಣಿವೆ ಹಸಿರಾಗಿರಲು ಕಾರಣ 1895ರಲ್ಲಿ ಮುಗಿದ ಮುಲ್ಲಪೆರಿಯಾರ್ ಅಣೆಕಟ್ಟು. ಪಶ್ಚಿಮಕ್ಕೆ ಹರಿಯುವ ನೀರನ್ನು ಬೆಟ್ಟ ಕೊರೆದು ಈಚೆಗೆ ತಿರುಗಿಸಿದ ಪೆನ್ನಿಕ್ವಿಕ್ ಎಂಬ ಇಂಜಿನಿಯರ್‌ನ ಫೋಟೋ ಈಗಲೂ ಅಲ್ಲಿಯ ಮನೆ, ಅಂಗಡಿಗಳಲ್ಲಿ ಕಾಣಬಹುದು. ಬೋಡಿನಾಯಕನೂರಿನಲ್ಲಿ ಏಲಕ್ಕಿ ಹರಾಜು ನಡೆಯುತ್ತದೆ. ಕಂಬಂ, ಉತ್ತಮಪಾಳಯದಲ್ಲಿ ರಾವುತ್ತರ್ ಮುಸ್ಲಿಮರು ಬಹಳ ಮಂದಿ ಇದ್ದಾರೆ, ಊಟಕ್ಕೆ, ನಮಾಝ್‌ಗೆ ತೊಂದರೆ ಇಲ್ಲ. ಕನ್ನಡವೂ ಅಲ್ಲಿ ಮತ್ತೆ ಸಿಗುತ್ತದೆ. ದನ ಸಾಕುವ, ಬೇಸಾಯ ಮಾಡುವ ಕಪ್ಪಿಲಿಯರ್ ಜನ ಮನೆಯಲ್ಲಿ ಕನ್ನಡವನ್ನೇ ಮಾತಾಡುವುದು.

ವಾಪಸ್ ಬರುವಾಗ ಸಿರುಮಲೆ ಬಾಳೆಹಣ್ಣು ಮರೆಯಬೇಡಿ. ಹದಿನೆಂಟು ಹೇರ್‌ಪಿನ್ ತಿರುವು ಹತ್ತಿ ಬೆಟ್ಟಕ್ಕೆ ಹೋಗಲು ಸಮಯ ಇಲ್ಲದಿದ್ದರೆ ದಿಂಡಿಗಲ್ ಪೇಟೆಯಲ್ಲೇ ಗೊನೆ ನೇತಾಡುತ್ತಿರುತ್ತದೆ. ಸಣ್ಣ ಹಣ್ಣು, ಸಿಪ್ಪೆ ದಪ್ಪ, ಸಿಪ್ಪೆ ಕಪ್ಪಾದರೂ ಒಳಗೆ ಗಟ್ಟಿ ಇರುತ್ತದೆ, ಒಂದು ರಾತ್ರಿಯ ರೈಲು ಪ್ರಯಾಣಕ್ಕೆ ಹಾಳಾಗುವುದಿಲ್ಲ. ಸೀರೆಯ ಮೂಟೆಯ ಒಳಗೆ ಮಾತ್ರ ಇಡಬೇಡಿ, ಕಲೆ ಹೋಗುವುದಿಲ್ಲ.